ಮೊಲ ಹಿಡಿದವರು ಯಾರು?

ಬೆಂಗಳೂರಿನ ಹುಟ್ಟಿನ ಬಗ್ಗೆ ಹಿರಿಯರು ಹೇಳುವ ಒಂದು ಕಥೆಯಿದೆ. ಕೆಂಪೇಗೌಡರು ಬೇಟೆಗೆ ಹೊರಟಿದ್ದಾಗ ಮೊಲವೊಂದು ತಿರುಗಿ ನಿಂತು ಬೇಟೆನಾಯಿಯನ್ನೇ ಅಟ್ಟಿಸಿಕೊಂಡು ಹೋಯಿತಂತೆ. ಇದು ಗಂಡುಭೂಮಿ ಎಂದು ಬಗೆದ ಅವರು 1537ರಲ್ಲಿ ಅಲ್ಲಿಯೇ ಪೇಟೆ ಕಟ್ಟಿಸಿದರಂತೆ. ಇದೇ ಕಥೆಯನ್ನು ಹಕ್ಕ ಬುಕ್ಕರ ಹೆಸರಿನಲ್ಲಿ ವಿಜಯನಗರಕ್ಕೂ ಹೇಳುವುದುಂಟು. ಕಥೆಯಲ್ಲಿ ಮೊಲಕ್ಕೆ ಹೊಗಳಿಕೆ ಸಿಕ್ಕಿತು, ನಾಯಿಗೆ ಅವಮಾನ ಸಿಕ್ಕಿತು. ನಾಯಿಯನ್ನು ಮೊಲದ ಮೇಲೆ ಬಿಟ್ಟ ಮನುಷ್ಯನ ವಿಷಯದಲ್ಲಿ ಮಾತ್ರ ಕಥೆ ಸುಮ್ಮನಿದೆ.

ಈ ಕಥೆ ನಮಗೆ ನೆನಪಾದದ್ದು ಅಕ್ಕನ ಮಗನಿಂದ. ಕಳೆದ ರಂಜಾನ್ ಮುಗಿದ ಮೇಲೆ ಒಂದು ಭಾನುವಾರ ಅವನು ಚಾಮರಾಜಪೇಟೆಯ ನಮ್ಮ ಮನೆಗೆ ಬಂದ. ಅವನ ಬಳಿ ಮುಧೋಳದ ಹೆಣ್ಣುನಾಯಿಯೊಂದಿದೆ. ಅದಕ್ಕೆ ಗ್ರೇಹೌಂಡ್ ಕೂಡಿಸಿ ಮರಿ ಮಾಡಿಸಬೇಕು, ಪಾವಗಡದ ಕಡೆ ಗೆಳೆಯನ ಹೊಲಗಳಲ್ಲಿ ಮೊಲ ಹಿಡಿಸಬೇಕು ಎಂಬುದು ಅವನ ಆಸೆ. "ಗ್ರೇಹೌಂಡಿನ ಸ್ಪೀಡು, ಮುಧೋಳದ ದಮ್ಮು, ಎರಡೂ ಒಂದೇ ನಾಯೀಲಿ ಬರುತ್ತೆ ಮಾಮೂ," ಎಂದ. ಆಮೇಲೆ, ನಮ್ಮ ಕಪಾಟಿನ ಉರ್ದು ಕಿತಾಬುಗಳ ಕಡೆ ನೋಡುತ್ತಾ, "ನಾಯಿ ಹಿಡಿದ ಮೊಲ ಹಲಾಲೇ ಅಲ್ವಾ?" ಎಂದು ಕೇಳಿದ.

ಯಾವ ತಳಿಗೆ ಯಾವುದನ್ನು ಕೂಡಿಸಬೇಕು ಎಂಬ ಲೆಕ್ಕ ಹಳೆಯದು. ಇಂಗ್ಲೆಂಡಿನಲ್ಲಿ ಇಂತಹ ಬೆರಕೆ ನಾಯಿಗೆ ಲರ್ಚರ್ ಎಂಬ ಹೆಸರೇ ಇದೆ. ಗ್ರೇಹೌಂಡ್ ಗಂಟೆಗೆ 60 ಕಿ.ಮೀ.ಗೂ ಮಿಕ್ಕಿ ಓಡಬಲ್ಲುದು, ಆದರೆ ಆ ವೇಗ ಸ್ವಲ್ಪ ದೂರಕ್ಕೆ ಮಾತ್ರ. ಮೊಲವೋ ನೇರವಾಗಿ ಓಡುವುದಿಲ್ಲ. ಥಟ್ಟನೆ ತಿರುಗಿಬಿಡುತ್ತದೆ, ನಾಯಿ ತನ್ನ ವೇಗವನ್ನು ತಾನೇ ತಡೆಯಲಾರದೆ ಮುಂದೆ ಹೋಗಿಬಿಡುತ್ತದೆ. ಅದಕ್ಕಾಗಿ ಕುರಿ ಕಾಯುವ ನಾಯಿಯ ರಕ್ತ ಸೇರಿಸುತ್ತಾರೆ. ಬುದ್ಧಿ ಬರುತ್ತದೆ, ಮಾತು ಕೇಳುವ ಗುಣ ಬರುತ್ತದೆ, ಅದು ಹೆಚ್ಚಾದರೆ ಓಟ ಕುಗ್ಗುತ್ತದೆ. ಅರಬರ ಸಲೂಕಿ ಸೇರಿಸಿದರೆ ದಮ್ಮು ಬರುತ್ತದೆ, ಜೊತೆಗೆ ಹಠವೂ ಬರುತ್ತದೆ.

ಈ ಬೆರಕೆಯ ಹಿಂದೆ ಬಡವನ ಕಥೆಯೂ ಇದೆ. ವರ್ಷಕ್ಕೆ 40 ಷಿಲ್ಲಿಂಗ್ ಹುಟ್ಟುವಳಿಯ ಜಮೀನಿಲ್ಲದ ಸಾಮಾನ್ಯನು ಬೇಟೆನಾಯಿ ಸಾಕಬಾರದೆಂದು 1389ರಲ್ಲಿ ಎರಡನೇ ರಿಚರ್ಡ್ ದೊರೆಯ ಕಾಲದಲ್ಲಿ ಅಲ್ಲಿ ಕಾನೂನಾಯಿತು. ಗ್ರೇಹೌಂಡ್ ಸಿರಿವಂತನ ಅಂಗಳದಲ್ಲಿ ಉಳಿಯಿತು. ನೋಡಲು ಒರಟಾದ, ಹೆಸರಿಲ್ಲದ ಬೆರಕೆ ನಾಯಿ ರಾತ್ರಿಯಲ್ಲಿ ಕದ್ದು ಬೇಟೆಯಾಡುವ ಬಡವನ ಸಂಗಾತಿಯಾಯಿತು.

ನಮ್ಮ ಮುಧೋಳದ ನಾಯಿಯದು ಇದರ ತಿರುವುಮುರುವು ಕಥೆ. ಪರ್ಷಿಯಾ, ಅರೇಬಿಯಾ, ಮಧ್ಯ ಏಷ್ಯಾದ ಕಡೆಯಿಂದ ಬಂದ ಓಟದ ನಾಯಿಗಳು ಇಲ್ಲಿಯ ನಾಯಿಗಳೊಂದಿಗೆ ಬೆರೆತು ಅದು ಹುಟ್ಟಿತೆಂದು ಹೇಳುತ್ತಾರೆ. ಹಳ್ಳಿಯ ಬೇಟೆಗಾರರು ಸಾಕಿಕೊಂಡಿದ್ದ ಈ ನಾಯಿಯ ಮೇಲೆ ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆಯವರ ಕಣ್ಣು ಬಿತ್ತು. ಅವರು ಅದರ ತಳಿಯನ್ನು ಬೆಳೆಸಿ, ಐದನೇ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟರು. 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಮುಧೋಳದ ಬಳಿ ತಿಮ್ಮಾಪುರದಲ್ಲಿ ಸರ್ಕಾರಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ, ಸೈನ್ಯವೂ ಈ ನಾಯಿಗಳನ್ನು ಒಯ್ದು ಪಳಗಿಸಿದೆ. ಒಂದು ಕಾಲದ ಬೆರಕೆ ಇಂದು ಶುದ್ಧ ತಳಿ. ಈಗ ಅದಕ್ಕೆ ಬೇರೆ ನಾಯಿ ಕೂಡಿದರೆ ತಳಿ ಕೆಟ್ಟಿತು ಎನ್ನುತ್ತೇವೆ!

ನಮ್ಮ ಭಾಷೆಯೇ ಇಲ್ಲಿ ನಮ್ಮನ್ನು ಹಿಡಿದುಕೊಡುತ್ತದೆ. ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಬೆಳಗಿನ ಹೊತ್ತು ನಡೆದುನೋಡಿ. ಕುತ್ತಿಗೆಪಟ್ಟಿ ಕಟ್ಟಿಸಿಕೊಂಡು ಬರುವುದು "ಜಾತಿ ನಾಯಿ", ಮೂಲೆಯಲ್ಲಿ ಮಲಗಿರುವುದು "ಕಂತ್ರಿ ನಾಯಿ". ಮನುಷ್ಯರನ್ನು ಅಳೆಯಲು ಇಟ್ಟುಕೊಂಡ ಅದೇ ಮಾತು, ಅದೇ ಹೆಮ್ಮೆ, ಅದೇ ಹೀಯಾಳಿಕೆ. ಗಾಂಧಿ ಬಜಾರಿನಲ್ಲಿ ಬೆರಕೆ ಸೊಪ್ಪನ್ನು ಆಸೆಪಟ್ಟು ಕೊಳ್ಳುವ ನಾವು ಸೊಪ್ಪನ್ನು ಬಿಟ್ಟು ಬೇರೆ ಯಾವುದಕ್ಕೆ ಆ ಮಾತು ಸೇರಿದರೂ ಮೂಗು ಮುರಿಯುತ್ತೇವೆ.

ಹಾಗಾದರೆ ಬೆರಕೆಯನ್ನೇ ಬಯಸುವ ಬೇಟೆಗಾರ ನಮಗಿಂತ ಮೇಲಲ್ಲವೇ? ಅವನು ವಂಶ ಕೇಳುವುದಿಲ್ಲ, ಕಾಲು ನೋಡುತ್ತಾನೆ, ಎದೆ ನೋಡುತ್ತಾನೆ. ಅಕ್ಕನ ಮಗನ ಮಾತು ಕೇಳುವಾಗ ನಮಗೂ ಹಾಗೆಯೇ ಅನ್ನಿಸಿತು. ಆದರೆ ಸ್ವಲ್ಪ ಯೋಚಿಸಿದರೆ ಇನ್ನೊಂದು ಕಾಣುತ್ತದೆ. ಕೆಲಸಕ್ಕೆ ಬಂದವನ ಜಾತಿ ಕೇಳದ ಯಜಮಾನನೊಬ್ಬ, ಅವನ ಕೈ ಮುರಿದ ದಿನ ಅವನನ್ನು ಹೊರಗೆ ಹಾಕಿದರೆ, ಅವನು ಜಾತಿ ಕೇಳದಿದ್ದದ್ದನ್ನು ಗುಣವೆನ್ನಬೇಕೇ? ಒಬ್ಬನಿಗೆ ನಾಯಿ ಅಂತಸ್ತು, ಇನ್ನೊಬ್ಬನಿಗೆ ಹತ್ಯಾರು. ಇಬ್ಬರಿಗೂ ಅದು ಜೀವವಲ್ಲ.

ಇನ್ನು ಹಲಾಲಿನ ಪ್ರಶ್ನೆ. ಪಳಗಿಸಿದ ಬೇಟೆಪ್ರಾಣಿ ತನ್ನ ಒಡೆಯನಿಗಾಗಿ ಹಿಡಿದದ್ದನ್ನು ಅಲ್ಲಾಹನ ಹೆಸರು ಹೇಳಿ ತಿನ್ನಬಹುದೆಂದು ಕುರ್‌ಆನಿನ ಮಾಇದಾ ಅಧ್ಯಾಯದಲ್ಲಿದೆ. ಅದು ಕೇಳುವುದು ಪಳಗಿಸಿದ ಬಗೆಯನ್ನು, ವಂಶವನ್ನಲ್ಲ. ನಾಯಿ ತಾನೇ ತಿಂದಿದ್ದರೆ ಅದು ತನಗಾಗಿ ಹಿಡಿದದ್ದು, ನೀನು ಮುಟ್ಟಬೇಡ ಎಂದು ಅದೀ ಬಿನ್ ಹಾತಿಮ್ ಅವರಿಗೆ ಪ್ರವಾದಿಯವರು ತಿಳಿಸಿದ ಹದೀಸ್ ಇದೆ. ನಿನ್ನ ನಾಯಿಯ ಜೊತೆ ಬೇರೊಂದು ನಾಯಿ ಸೇರಿಕೊಂಡು, ಯಾವುದು ಕೊಂದಿತೆಂದು ತಿಳಿಯದಿದ್ದರೂ ತಿನ್ನಬೇಡ, ಏಕೆಂದರೆ ನೀನು ಹೆಸರು ಹೇಳಿ ಬಿಟ್ಟದ್ದು ನಿನ್ನ ನಾಯಿಯನ್ನು ಮಾತ್ರ.

ನಾವು ಇದನ್ನು ಹುಡುಗನಾಗಿದ್ದಾಗಲೇ ಓದಿದ್ದೆವು. ಊಟದ ನಿಯಮವೆಂದು ತಿಳಿದಿದ್ದೆವು. ಈಗ ನೋಡಿದರೆ ಇದು ಹೊಣೆಗಾರಿಕೆಯ ಪಾಠದಂತೆ ಕಾಣುತ್ತದೆ. ಹಲ್ಲು ನಾಯಿಯದಾದರೂ ಕೆಲಸ ಬಿಟ್ಟವನದು. ಹೆಸರು ಹೇಳಿ ಬಿಡು ಎಂದರೆ, ಬಿಡುವ ಮೊದಲು ಒಂದು ಕ್ಷಣ ನಿಲ್ಲು, ಯಾರ ಮುಂದೆ ಲೆಕ್ಕ ಕೊಡಬೇಕೆಂದು ನೆನಪಿಸಿಕೋ ಎಂದೇ ಅರ್ಥವಲ್ಲವೇ? ಜೀವವಿರುವುದನ್ನು ಗುರಿಯಾಟಕ್ಕೆ ಇಡಬೇಡಿ ಎಂದೂ ಅದೇ ಪ್ರವಾದಿಯವರು ಹೇಳಿದ್ದಾರೆ. ಹಸಿದವನಿಗೆ ಕೊಟ್ಟ ಅನುಮತಿಯನ್ನು ಹೊಟ್ಟೆ ತುಂಬಿದವನು ಭಾನುವಾರದ ಮೋಜಿಗೆ ಬಳಸಿಕೊಳ್ಳಬಹುದೇ?

ಇಲ್ಲಿ ನಮ್ಮದೇ ಒಂದು ಸಂಗತಿ ಹೇಳದಿದ್ದರೆ ತಪ್ಪಾಗುತ್ತದೆ. ಚಿಕ್ಕಂದಿನಲ್ಲಿ ಶಿರಾ ಬಳಿಯ ಹಳ್ಳಿಯ ನಾನಿಯ ಮನೆಗೆ ರಜೆಯಲ್ಲಿ ಹೋಗುತ್ತಿದ್ದೆವು. ನೆರೆಯವನೊಬ್ಬನಿಗೆ ಕೆಂಚು ಬಣ್ಣದ ನಾಯಿಯಿತ್ತು, ಯಾವ ತಳಿಯೋ ಯಾರಿಗೂ ಗೊತ್ತಿಲ್ಲ. ಅದು ಹಿಡಿದ ಮೊಲ ಗೋಣಿಚೀಲದಲ್ಲಿ ನಾನಿಯ ಅಡುಗೆಮನೆಗೂ ಬರುತ್ತಿತ್ತು. 1972ರ ವನ್ಯಜೀವಿ ಕಾಯ್ದೆಯಡಿ ಅದು ಆಗಲೂ ಅಪರಾಧವೇ ಆಗಿತ್ತು, ಈಗಲೂ ಅಪರಾಧವೇ. ಆಗ ಅದನ್ನು ಯಾರೂ ಎತ್ತಲಿಲ್ಲ, ನಾವು ಮಕ್ಕಳು ತಟ್ಟೆಯಲ್ಲಿ ಎಷ್ಟು ತುಂಡು ಬಿತ್ತೆಂದು ಎಣಿಸುತ್ತಿದ್ದೆವು. ಮರುವರ್ಷ ಹೋದಾಗ ಆ ನಾಯಿಯ ಮುಂಗಾಲು ಮುರಿದಿತ್ತು. ಒಡೆಯ ಮುದ್ದೆ ಹಾಕುವುದನ್ನು ನಿಲ್ಲಿಸಿದ್ದ. ಅದು ಚಹಾದಂಗಡಿಯ ಮುಂದೆ ಬಿದ್ದಿರುತ್ತಿತ್ತು, ಹುಡುಗರು ಕಲ್ಲು ಹೊಡೆಯುತ್ತಿದ್ದರು. ನಾವೂ ಒಂದು ಕಲ್ಲು ಹೊಡೆದೆವು. ಅದು ಹಿಡಿದ ಮೊಲವನ್ನು ತಿಂದ ಬಾಯಿ ನಮ್ಮದೇ ಎಂಬುದು ಆಗ ಹೊಳೆಯಲಿಲ್ಲ.

ಇದನ್ನೆಲ್ಲ ಅಕ್ಕನ ಮಗನಿಗೆ ಹೇಳಿದೆವು. ಮೊಲದ ಮರಿ ಬಿಲದಲ್ಲಿ ಹುಟ್ಟುವುದಿಲ್ಲ, ಕಣ್ಣು ತೆರೆದುಕೊಂಡೇ ಬಯಲಿನಲ್ಲಿ ಹುಟ್ಟುತ್ತದೆ, ತಾಯಿ ಸತ್ತರೆ ಅದು ಹುಲ್ಲಿನಲ್ಲಿ ಸುಮ್ಮನೆ ಕಾಯುತ್ತದೆ ಎಂದೂ ಹೇಳಿದೆವು. ಹುಟ್ಟುವ ಆರೇಳು ಮರಿಗಳಲ್ಲಿ ಓಡಲಾರದ್ದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆವು. ಪಾಲಿಕೆಯ 2023ರ ಸಮೀಕ್ಷೆಯಲ್ಲಿ ಈ ಊರಿನ ಬೀದಿಗಳಲ್ಲಿ ಸುಮಾರು 2.79 ಲಕ್ಷ ನಾಯಿಗಳಿದ್ದವು. ಆ ಲೆಕ್ಕಕ್ಕೆ ಇನ್ನೆರಡು ಸೇರಿಸಲು ಅವನಿಗೆ ಮನಸ್ಸಿರಲಿಲ್ಲ, ಉತ್ತರವೂ ಇರಲಿಲ್ಲ.

ಆದರೆ ಅವನು ತಿರುಗಿ ಒಂದು ಮಾತು ಕೇಳಿದ. "ಮಾಮೂ, ಅದರ ಕಾಲು ಓಡೋಕೇ ಆಗಿರೋದು, ಕಣ್ಣು ಮೊಲ ಹುಡುಕೋಕೇ ಆಗಿರೋದು. ಬೇಟೆಯೂ ಬೇಡ ಅಂದ್ರೆ, ಎರಡು ರೂಮಿನ ಮನೇಲಿ ಕಟ್ಟಿಹಾಕೋದು ದಯೆನಾ?"

ನಿಜ, ಅದು ದಯೆಯಲ್ಲ. ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬಂತೆ ನಮ್ಮ ವಾದಕ್ಕೇ ಅಂಟಿಕೊಳ್ಳಲು ಆಗಲಿಲ್ಲ. ಓಟವನ್ನು ಆ ಜೀವದ ಮೈಯಲ್ಲಿಟ್ಟವರು ಮನುಷ್ಯರು, ನೂರಾರು ವರ್ಷ ಆರಿಸಿ ಆರಿಸಿ ಕೂಡಿಸಿದವರು. ಬೇಟೆ ಬಿಟ್ಟ ಮಾತ್ರಕ್ಕೆ ಆ ಸಾಲ ತೀರುವುದಿಲ್ಲ. ಮೊಲವನ್ನು ಉಳಿಸುವುದು ಅರ್ಧ ಕೆಲಸ, ನಾಯಿಗೆ ಓಡಲು ನೆಲ ಕೊಡುವುದು ಇನ್ನರ್ಧ. ಅಷ್ಟು ನೆಲವಿಲ್ಲದವರು ಅಂತಹ ಮರಿಯನ್ನು ಹುಟ್ಟಿಸದಿರುವುದು, ತರದಿರುವುದು ಒಳ್ಳೆಯದು.

ಗ್ರೇಹೌಂಡಿನ ವಿಚಾರ ಸದ್ಯಕ್ಕೆ ನಿಂತಿದೆ. ಬೆಳಿಗ್ಗೆ ಫಜ್ರ್ ನಮಾಜು ಮುಗಿಸಿ ಅವನು ನಾಯಿಯನ್ನು ಊರ ಹೊರಗೆ ಗೋಡೆಯಿರುವ ಖಾಲಿ ನಿವೇಶನವೊಂದಕ್ಕೆ ಕರೆದೊಯ್ಯುತ್ತಾನೆ. ಒಂದು ದಿನ ನಾವೂ ಹೋಗಿದ್ದೆವು. ಹಗ್ಗ ಬಿಚ್ಚಿದೊಡನೆ ಅದು ಓಡಿತು, ಎದುರಿಗೆ ಏನೂ ಇರಲಿಲ್ಲ, ಆದರೂ ಓಡಿತು.