ಹನ್ನೆರಡು ವಾರ ಯಾರು ಕಾಯಬೇಕು?

ಎಂಆರ್‌ಐ ಫಿಲ್ಮನ್ನು ಬೆಳಕಿಗೆ ಹಿಡಿದು ಮೇಷ್ಟ್ರು ಬೆನ್ನುಮೂಳೆಯ ಸಂದುಗಳನ್ನು ಕೆಳಗಿನಿಂದ ಎಣಿಸಿದರು. ಎರಡನೆಯ ಸಂದಿನಲ್ಲಿ ಡಿಸ್ಕು ಕಪ್ಪಾಗಿ ಹಿಂದಕ್ಕೆ ಉಬ್ಬಿತ್ತು. ಅದರ ಮೇಲೆ ಬೆರಳಿಟ್ಟು, “ಇಲ್ಲಿದೆ ನೋಡಿ ಭಾವ, ನಿಮ್ಮ ನೋವು” ಎಂದರು.

“ಮಾವ, ಅಲ್ಲಿರೋದು ಡಿಸ್ಕು. ನೋವು ಅಲ್ಲಿಂದಲೇ ಬರ್ತಿದೆ ಅಂತ ಫಿಲ್ಮು ಹೇಳಲ್ಲ” ಎಂದಳು ಹುಡುಗಿ.

ಹೊಳೆನರಸೀಪುರದ ಒಂದು ಮನೆಯ ಜಗಲಿಯಲ್ಲಿ ಮೂವರು ಕೂತಿದ್ದರು. ಭಾವ ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಡೆಯ ಹೊಗೆಸೊಪ್ಪು ಬೆಳೆಗಾರರು. ಊರವರಿಗೆ ಗೌಡರು, ವಯಸ್ಸು ಅರವತ್ತರ ಹತ್ತಿರ. ಮೇಷ್ಟ್ರು ಗೌಡರ ಹೆಂಡತಿಯ ತಮ್ಮ, ಚನ್ನರಾಯಪಟ್ಟಣದಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳುತ್ತಾರೆ. ಹುಡುಗಿ ಗೌಡರ ತಮ್ಮನ ಮಗಳು, ಹಾಸನದಲ್ಲಿ ಫಿಸಿಯೋಥೆರಪಿಸ್ಟ್. ಗೌಡರಿಗೆ ಆರು ವರ್ಷದಿಂದ ಸೊಂಟನೋವು. ಎರಡು ತಿಂಗಳಿಂದ ಅದು ಬಲತೊಡೆಯ ಹಿಂಭಾಗದಲ್ಲಿ ಇಳಿದು ಮೀನಖಂಡದವರೆಗೆ ಸೆಳೆಯುತ್ತಿದೆ. ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಕ್ರೂ ಹಾಕಿ ಆಪರೇಷನ್ ಮಾಡಬೇಕು ಎಂದಿದ್ದಾರೆ. ಮಾಡಿಸಬೇಕೋ ಬೇಡವೋ ಎಂದು ಮಾತಾಡುವುದಕ್ಕೇ ಎಲ್ಲರೂ ಆ ಭಾನುವಾರ ಸೇರಿದ್ದು.

ಮೇಷ್ಟ್ರು ಬಿಡಲಿಲ್ಲ. “ಕಾರಣ ಇಲ್ಲದೆ ಕಾರ್ಯ ಇಲ್ಲವಲ್ಲಮ್ಮ. ಕಣ್ಣಿಗೆ ಕಾಣೋ ಕಾರಣ ಬಿಟ್ಟು ಇನ್ಯಾವುದನ್ನ ಹುಡುಕೋಣ?”

ಹುಡುಗಿ 2015ರಲ್ಲಿ ಪ್ರಕಟವಾದ ಒಂದು ಪರಾಮರ್ಶೆಯ ವಿಷಯ ಹೇಳಿದಳು. ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನುಗಳನ್ನು 33 ಅಧ್ಯಯನಗಳಿಂದ ಒಟ್ಟುಮಾಡಿ ನೋಡಿದ್ದರು. ಇಪ್ಪತ್ತು ವರ್ಷದವರಲ್ಲೇ ಶೇ. 37 ಮಂದಿಗೆ ಡಿಸ್ಕು ಸವೆದಿತ್ತು. ಅರವತ್ತರವರಲ್ಲಿ ಶೇ. 88 ಮಂದಿಗೆ ಸವೆತ, ಶೇ. 69 ಮಂದಿಗೆ ಉಬ್ಬು. ಯಾರಿಗೂ ನೋವಿರಲಿಲ್ಲ. “ಈಗ ನಿಮ್ಮ ಸ್ಕೂಲಿನ ಸ್ಟಾಫ್‌ರೂಮಿನಲ್ಲಿ ಇರೋರಿಗೆಲ್ಲ ಸ್ಕ್ಯಾನ್ ಮಾಡಿಸಿದ್ರೂ ಇಂಥ ಫಿಲ್ಮು ಸುಮಾರು ಸಿಗ್ತವೆ ಮಾವ. ಅವರಲ್ಲಿ ಯಾರಿಗೆ ನೋವಿದೆ ಅಂತ ಫಿಲ್ಮು ನೋಡಿ ಹೇಳೋಕೆ ಆಗಲ್ಲ.”

“ಹಂಗಾರೆ ನಂದು ಸುಳ್ಳು ನೋವಾ ಮಗ?” ಗೌಡರ ದನಿಯಲ್ಲಿ ಸಿಟ್ಟಿತ್ತು. ಬೇಸಾಯದವನು ಕೆಲಸ ತಪ್ಪಿಸಿಕೊಳ್ಳುವುದಕ್ಕೆ ಸೊಂಟ ಹಿಡಿದುಕೊಂಡ ಎಂಬ ಮಾತನ್ನು ಅವರು ಊರಲ್ಲಿ ಕೇಳದೆ ಇರಲಿಲ್ಲ.

“ನಿಮ್ಮ ನೋವು ನಿಜ ದೊಡ್ಡಪ್ಪ. ಫಿಲ್ಮು ಅದರ ಅರ್ಧ ಕಥೆ ಮಾತ್ರ ಹೇಳ್ತದೆ” ಎಂದು ಆಕೆ ಮೆಲ್ಝಾಕ್ ಮತ್ತು ವಾಲ್ ಎಂಬ ಇಬ್ಬರು 1965ರಲ್ಲಿ ಮಂಡಿಸಿದ ಸಿದ್ಧಾಂತವನ್ನು ವಿವರಿಸಿದಳು. ಪೆಟ್ಟಾದ ಜಾಗದಿಂದ ಹೊರಟ ಸಂಕೇತ ಹೊರಟ ಹಾಗೆಯೇ ಮಿದುಳು ಮುಟ್ಟುವುದಿಲ್ಲ. ಬೆನ್ನುಹುರಿಯಲ್ಲೇ ಅದಕ್ಕೆ ತಡೆಯಿದೆ. ಮಿದುಳು ಕೂಡ ಆ ತಡೆಯನ್ನು ಬಿಗಿ ಮಾಡುತ್ತದೆ, ಸಡಿಲಿಸುತ್ತದೆ. ನಿದ್ದೆಗೆಟ್ಟರೆ, ಹೆದರಿದರೆ, ಸಾಲದ ಚಿಂತೆ ಹತ್ತಿದರೆ ಅದೇ ಡಿಸ್ಕು ಹೆಚ್ಚು ನೋಯುತ್ತದೆ.

ಗೌಡರು ಸ್ವಲ್ಪ ಹೊತ್ತು ಯೋಚಿಸಿದರು. “ಷಷ್ಠಿ ಜಾತ್ರೇಲಿ ಬೆಳಗಿಂದ ಸಂಜೆಗಂಟ ದನದ ಪರಿಸೆಲಿ ಓಡಾಡಿದ್ದೆ. ಅವತ್ತು ಸೊಂಟ ಐತೆ ಅನ್ನೋದೇ ಗ್ಯಾನ ಇರ್ಲಿಲ್ಲ. ಮನೆಗೆ ಬಂದು ಕೂತ ಮೇಲೆ ಚಳಕು ಹೊಡೀತು.”

ಮೇಷ್ಟ್ರು ಫಿಲ್ಮು ಕೆಳಗಿಟ್ಟರು. ಒಪ್ಪಿದರು ಎಂದಲ್ಲ.

ಮುಂದಿನ ಮಾತಿಗೆ ಮೊದಲು ಹುಡುಗಿ ಗೌಡರನ್ನು ಜಗಲಿಯ ಈ ತುದಿಯಿಂದ ಆ ತುದಿಗೆ ಬರೀ ಹಿಮ್ಮಡಿಯ ಮೇಲೆ ನಡೆಸಿದಳು. ಗೋಡೆ ಹಿಡಿಯಲು ಬಿಡಲಿಲ್ಲ. ಅವರ ಎರಡೂ ಪಾದದ ಬೆರಳುಗಳು ಮೇಲೆದ್ದೇ ಇದ್ದವು. ತಿರುಗುವಾಗ ಮಾತ್ರ ಬಲಗಾಲು ಒಮ್ಮೆ ತಡವರಿಸಿತು. ಬಲ ಪಾದ ನೆಲಕ್ಕೆ ಬೀಳುತ್ತಿದ್ದರೆ ನರದ ಶಕ್ತಿ ಕುಂದಿದೆ ಎಂದು ತಿಳಿಯಬೇಕಿತ್ತು. ಆಮೇಲೆ ಎಲ್ಲರ ಮುಂದೆಯೇ, ಸಂಕೋಚವಿಲ್ಲದೆ ಕೇಳಿದಳು: ಮೂತ್ರ ಕಟ್ಟುತ್ತದೆಯೇ, ತಿಳಿಯದೆ ಹೋಗುತ್ತದೆಯೇ, ಕೂರುವ ಜಾಗದಲ್ಲಿ ಸ್ಪರ್ಶ ಕಡಿಮೆಯಾಗಿದೆಯೇ, ಸಂಜೆ ಜ್ವರ ಬರುತ್ತದೆಯೇ, ತೂಕ ಇಳಿದಿದೆಯೇ. ಮೊದಲ ಮೂರರಲ್ಲಿ ಒಂದಿದ್ದರೂ ಆ ರಾತ್ರಿಯೇ ದೊಡ್ಡಾಸ್ಪತ್ರೆಗೆ ಹೊರಡಬೇಕು. ಕೊನೆಯ ಎರಡಿದ್ದರೆ ಮೊದಲು ಬೆನ್ನುಮೂಳೆಯ ಕ್ಷಯವನ್ನು ಶಂಕಿಸಬೇಕು. ನಮ್ಮ ದೇಶದಲ್ಲಿ ಅದು ಅಪರೂಪದ ಕಾಯಿಲೆಯಲ್ಲ. ಗೌಡರಿಗೆ ಯಾವುದೂ ಇರಲಿಲ್ಲ.

“ಅಂದ್ರೆ ಯೋಚನೆ ಮಾಡೋಕೆ ಟೈಮಿದೆ” ಎಂದರು ಮೇಷ್ಟ್ರು.

ಆರು ವರ್ಷದಲ್ಲಿ ಗೌಡರು ಮಾಡಿಸದ ಚಿಕಿತ್ಸೆ ಕಡಿಮೆ. ಕಾಪು, ಮುಲಾಮು, ಉಳುಕು ತೆಗೆಯುವವರು, ಹಾಸನದ ಅಂಗಡಿಯಿಂದ ತಂದ ಸೊಂಟದ ಬೆಲ್ಟು. ಹಂಗಾಮಿನಲ್ಲಿ ನೋವಿಗೆ ಇಂಜೆಕ್ಷನ್, ಮಾತ್ರೆ. ಬೆಲ್ಟಿನ ವಿಷಯ ಬೇಗ ಇತ್ಯರ್ಥವಾಯಿತು. ದೀರ್ಘಕಾಲದ ಸೊಂಟನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಬೆಲ್ಟು ಬೇಡ, ಟ್ರ್ಯಾಕ್ಷನ್ ಬೇಡ, ಅಫೀಮು ಜಾತಿಯ ನೋವು ನಿವಾರಕಗಳು ಬೇಡ ಎಂದಿದೆ; ವ್ಯಾಯಾಮ, ತಿಳಿವಳಿಕೆ, ಮನಸ್ಸಿಗೆ ಸಂಬಂಧಿಸಿದ ಚಿಕಿತ್ಸೆಗಳಿಗೆ ಒತ್ತು ಕೊಟ್ಟಿದೆ. ಡೈಕ್ಲೋಫೆನಾಕ್‌ನಂಥ ಮಾತ್ರೆಗಳನ್ನು ಪೂರ್ತಿ ತಳ್ಳಿಹಾಕಿಲ್ಲ. ಆದರೆ ಗೌಡರಿಗೆ ಬಿಪಿ ಇದೆ. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ತೊಂದರೆ.

ವಾದ ಬಿಸಿಯೇರಿದ್ದು ಕಟಿಬಸ್ತಿಯ ಮೇಲೆ. ಎರಡು ವರ್ಷದ ಹಿಂದೆ ಗೌಡರು ತಣ್ಣೀರುಹಳ್ಳದ ಎಸ್‌ಡಿಎಂ ಆಯುರ್ವೇದ ಆಸ್ಪತ್ರೆಯಲ್ಲಿ ಅದನ್ನು ಮಾಡಿಸಿಕೊಂಡಿದ್ದರು. ಬೋರಲು ಮಲಗಿಸಿ, ಉದ್ದಿನ ಹಿಟ್ಟು ಕಲಸಿ ಸೊಂಟದ ಮೇಲೆ ಬಳೆಯ ಹಾಗೆ ಕಟ್ಟಿ, ಒಳಗೆ ಬೆಚ್ಚಗಿನ ಎಣ್ಣೆ ತುಂಬುತ್ತಾರೆ. ಆರಿದ ಎಣ್ಣೆಯನ್ನು ಹತ್ತಿಯಲ್ಲಿ ಹೀರಿ ತೆಗೆದು ಮತ್ತೆ ಬಿಸಿಯದನ್ನು ಹಾಕುತ್ತಾರೆ. ಮನೆಗೆ ಬಂದು ಒಂದು ತಿಂಗಳು ಆರಾಮಾಗಿದ್ದರು.

ಇಲ್ಲಿ ಮೇಷ್ಟ್ರ ಗಣಿತ ಎಚ್ಚೆತ್ತಿತು. “ಮೊದಲ ಟೆಸ್ಟಿನಲ್ಲಿ ತೀರಾ ಕಡಿಮೆ ಅಂಕ ತಗೊಂಡ ಹುಡುಗರನ್ನ ಆರಿಸಿ ಅವರಿಗೆ ಏನೂ ಮಾಡಬೇಡಿ ಭಾವ. ಮುಂದಿನ ಟೆಸ್ಟಿನಲ್ಲಿ ಅವರಲ್ಲಿ ಬಹಳ ಜನ ಸ್ವಲ್ಪ ಮೇಲೆ ಬಂದಿರ್ತಾರೆ. ನೀವೂ ನೋವು ತಡೆಯೋಕಾಗದ ದಿನವೇ ಆಸ್ಪತ್ರೆಗೆ ಹೋಗಿದ್ದು. ಅಲ್ಲಿಂದ ಅದು ಇಳಿಯೋದೇ. ಎಣ್ಣೆ ಹಾಕಿದ್ರೂ ಇಳಿಯೋದು, ಹಾಕದಿದ್ರೂ ಇಳಿಯೋದು.”

“ಇಂಜೆಕ್ಷನ್ನಿಗೂ ಇದೇ ಲೆಕ್ಕ ತಾನೆ ಮಾವ? ಉಳುಕು ತೆಗೆಸಿದ್ದಕ್ಕೂ, ನಾನು ಹೇಳಿಕೊಡೋ ವ್ಯಾಯಾಮಕ್ಕೂ?” ಎಂದಳು ಹುಡುಗಿ. ಅದಕ್ಕೇ ಎರಡು ಗುಂಪು ಮಾಡಿ ಹೋಲಿಸಿ ನೋಡಬೇಕಾಗುತ್ತದೆ ಎಂದೂ ಸೇರಿಸಿದಳು.

ಗೌಡರಿಗೆ ಇದು ಹಿಡಿಸಲಿಲ್ಲ. “ಅಲ್ಲಿದ್ದಷ್ಟು ದಿನ ನಿದ್ದೆ ಬಂತು. ಹೊತ್ತೊತ್ತಿಗೆ ಪಥ್ಯದ ಊಟ ಹಾಕುದ್ರು. ಆ ಡಾಕ್ಟ್ರು ನಾನು ಬೆಳ್ಳಲ್ಲಿ ತೋರ್ಸಿದ ದಾರೀನೇ ಪೂರ್ತಿ ಕೇಳುದ್ರು, ಎಲ್ಲಿಂದ ಸುರುವಾಗಿ ಎಲ್ಲಿಗಂಟ ಹೋಯ್ತದೆ ಅಂತ. ಅದು ನಿಮ್ಮ ಲೆಕ್ಕಕ್ಕೆ ಬರಲ್ವಾ?”

ಬರಲೇಬೇಕು. ಗೌಡರ ಬೆರಳು ತೋರಿಸಿದ ಆ ದಾರಿಯನ್ನು ಚರಕಸಂಹಿತೆಯ ವಾತವ್ಯಾಧಿ ಅಧ್ಯಾಯ ಗೃಧ್ರಸಿ ಎಂಬ ಹೆಸರಿನಲ್ಲಿ ಪೃಷ್ಠದಿಂದ ಪಾದದವರೆಗೆ ಕ್ರಮವಾಗಿ ಗುರುತಿಸಿದೆ. ಸ್ಕ್ಯಾನ್ ಇಲ್ಲದ ಕಾಲದ ವೈದ್ಯ ರೋಗಿಯ ಮಾತನ್ನು ಕೊನೆಯವರೆಗೆ ಕೇಳಿಸಿಕೊಂಡಿದ್ದರಿಂದಲೇ ಅದು ದಾಖಲಾಯಿತು. ಹುಡುಗಿಯೂ ಇದನ್ನು ಅಲ್ಲಗಳೆಯಲಿಲ್ಲ. ಕಟಿಬಸ್ತಿಯಿಂದ ಡಿಸ್ಕು ಹಿಂದಕ್ಕೆ ಹೋಗುತ್ತದೆ ಎಂದು ತಾನು ನಂಬುವುದಿಲ್ಲ. ಆದರೆ ನಿದ್ದೆ ಬಂದರೆ, ಮೈ ಸಡಿಲವಾದರೆ, ಆ ಬಿಡುವಿನಲ್ಲಿ ನಡೆಯುವುದು ಸಾಧ್ಯವಾದರೆ ಅದು ಲಾಭವೇ. ಬೇಡವೆನಿಸಿದರೆ ನಿಲ್ಲಿಸಬಹುದು. ಹಾಕಿದ ಸ್ಕ್ರೂ ತೆಗೆಯುವುದು ಅಷ್ಟು ಸುಲಭವಲ್ಲ.

“ನಡೆಯೋದು ಅಂದ್ಯಲ್ಲಮ್ಮ, ಬರೀ ನಡೆದ್ರೆ ಏನಾಗ್ತದೆ?” ಮೇಷ್ಟ್ರು ಕೇಳಿದರು.

2024ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಒಂದು ಪ್ರಯೋಗದ ಫಲಿತಾಂಶ ಆಕೆಯ ನಾಲಗೆಯ ತುದಿಯಲ್ಲಿತ್ತು. ಬೆನ್ನುನೋವಿನಿಂದ ಚೇತರಿಸಿಕೊಂಡ 701 ಮಂದಿಯಲ್ಲಿ, ಕ್ರಮವಾಗಿ ನಡಿಗೆ ಹೆಚ್ಚಿಸಿಕೊಂಡ ಗುಂಪಿನವರಿಗೆ ನೋವು ಮರುಕಳಿಸಲು ಮಧ್ಯಾಂಕದ ಲೆಕ್ಕದಲ್ಲಿ 208 ದಿನ ಹಿಡಿಯಿತು. ಉಳಿದವರಿಗೆ 112 ದಿನ.

“ಆಸ್ಟ್ರೇಲಿಯಾದೋರು ಸೊಪ್ಪು ಕೀಳ್ತಾರಾ ಮಗ?” ಎಂದರು ಗೌಡರು.

ಈ ಪ್ರಶ್ನೆಗೆ ಹುಡುಗಿಯ ಬಳಿ ಸಿದ್ಧ ಉತ್ತರವಿರಲಿಲ್ಲ. ಹೊಗೆಸೊಪ್ಪಿನ ಗಿಡದಲ್ಲಿ ಎಲೆ ಹಣ್ಣಾಗುವುದು ಬುಡದಿಂದ. ಹಂಗಾಮಿನ ಮೊದಲ ವಾರಗಳಲ್ಲಿ ನೆಲಕ್ಕೆ ತಾಗಿದ ಎಲೆಗಳನ್ನೇ ಕೀಳಬೇಕು. ಸಾಲಿಗೆ ಸಾಲು ಸೊಂಟ ಬಗ್ಗಿಸಿದ್ದು ಬಗ್ಗಿಸಿಯೇ ಇರಬೇಕು, ಕಿತ್ತ ಎಲೆಯನ್ನು ಕಂಕುಳಿಗೆ ಸೇರಿಸುತ್ತ. ಆಮೇಲೆ ನೆಲದ ಮೇಲೆ ಕೂತು ಕಡ್ಡಿಗೆ ಕಟ್ಟಬೇಕು, ಬ್ಯಾರನ್ನಿನೊಳಗೆ ಅಟ್ಟಣೆ ಹತ್ತಿ ತೂಗುಹಾಕಬೇಕು, ಸೊಪ್ಪು ಹದವಾಗುವವರೆಗೆ ಹಗಲೂ ರಾತ್ರಿ ಉರಿ ಕಾಯಬೇಕು. ಇಂಥ ಬೆನ್ನುಗಳ ಮೇಲೆ ನಡೆದ ಪ್ರಯೋಗ ಯಾವುದೂ ಆಕೆಯ ನೆನಪಿಗೆ ಬರಲಿಲ್ಲ. “ಇಲ್ಲ ದೊಡ್ಡಪ್ಪ. ಅವರ ಲೆಕ್ಕ ನಿಮಗೆ ಹಾಗ್ಹಾಗೇ ಹೊಂದಲ್ಲ” ಎಂದು ಒಪ್ಪಿಕೊಂಡಳು.

ಉಳಿದದ್ದು ಆಪರೇಷನ್ನಿನ ಮಾತು. ಹುಡುಗಿ ಮೊದಲು ಎರಡು ನೋವನ್ನು ಬೇರೆ ಮಾಡಿದಳು: ಆರು ವರ್ಷದ ಸೊಂಟನೋವು ಒಂದು, ಎರಡು ತಿಂಗಳ ಕಾಲಿನ ಸೆಳೆತ ಇನ್ನೊಂದು. ಬರೀ ಸೊಂಟನೋವಿಗೆ ಮೂಳೆ ಬೆಸೆಯುವ ಆಪರೇಷನ್ನನ್ನು ಬ್ರಿಟನ್ನಿನಲ್ಲಿ 349 ರೋಗಿಗಳ ಮೇಲೆ, ಕಟ್ಟುನಿಟ್ಟಾದ ವ್ಯಾಯಾಮ ಶಿಬಿರದ ಜೊತೆ ಹೋಲಿಸಿದ್ದರು. 2005ರಲ್ಲಿ ಬಂದ ಆ ವರದಿಯಲ್ಲಿ ಆಪರೇಷನ್ನೇ ಮೇಲು ಎನ್ನಲು ಸ್ಪಷ್ಟ ಆಧಾರ ಸಿಗಲಿಲ್ಲ. ಕಾಲಿನ ಸೆಳೆತಕ್ಕೆ, ನರ ಒತ್ತುವ ಡಿಸ್ಕಿನ ಚೂರನ್ನಷ್ಟೇ ತೆಗೆಯುವ ಆಪರೇಷನ್ ಬೇರೆ. ನೆದರ್ಲೆಂಡ್ಸ್‌ನಲ್ಲಿ 283 ಮಂದಿಯನ್ನು ಎರಡು ಗುಂಪು ಮಾಡಿದ್ದರು. ಬೇಗ ಆಪರೇಷನ್ ಆದವರು ಮಧ್ಯಾಂಕದ ಲೆಕ್ಕದಲ್ಲಿ 4 ವಾರದಲ್ಲಿ ಚೇತರಿಸಿಕೊಂಡರು, ಕಾದವರು 12 ವಾರದಲ್ಲಿ. ವರ್ಷ ಕಳೆಯುವ ಹೊತ್ತಿಗೆ ಎರಡೂ ಕಡೆ ಶೇ. 95 ಮಂದಿ ಚೇತರಿಸಿಕೊಂಡಿದ್ದರು. ಆದರೆ ಕಾಯುವ ಗುಂಪಿನಲ್ಲಿ ಶೇ. 39 ಮಂದಿ ತಡೆಯಲಾರದೆ ಕೊನೆಗೆ ಆಪರೇಷನ್ ಮಾಡಿಸಿಕೊಂಡಿದ್ದರು. 2007ರಲ್ಲಿ ಇದು ಪ್ರಕಟವಾಯಿತು.

“ಹಾಗಾದ್ರೆ ತೀರ್ಮಾನ ಆಯ್ತಲ್ಲ. ವರ್ಷದ ಕೊನೆಗೆ ಇಬ್ಬರೂ ಒಂದೇ ಅಂದಮೇಲೆ ಮೈ ಕುಯ್ಸಿಕೊಳ್ಳೋದು ಯಾಕೆ?” ಮೇಷ್ಟ್ರಿಗೆ ಸಮೀಕರಣ ಬಿಡಿಸಿದಷ್ಟು ಸಮಾಧಾನ.

ಒಳಗಿಂದ ಗೌಡರ ಹೆಂಡತಿ ಬಂದು ಬಾಗಿಲಲ್ಲಿ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. “ಆ ಹನ್ನೆರಡು ವಾರ ಯಾರು ಕಾಯ್ಬೇಕು?” ಎಂದರು. “ಇವರು ಮಲಗಿ ಕಾದ್ರೆ ಬುಡದ ಎಲೆ ಕೀಳೋಳು ನಾನು. ಎಂಟು ವಾರ ಹೆಚ್ಚು ಅಂದ್ರೆ ಅರ್ಧ ಸೊಪ್ಪು ಆಯ್ತು. ನಿಮ್ಮ ವರ್ಷದ ಕೊನೆ ಬರೋ ಹೊತ್ಗೆ ನನ್ನ ಸೊಂಟ ಏನಾಗಿರ್ತದೆ ಅಂತ ಆ ಡಾಕ್ಟ್ರು ಬರ್ದಿದ್ದಾರಾ?”

ಬರೆದಿರಲಿಲ್ಲ. ಪ್ರಯೋಗಗಳು ಒಬ್ಬ ರೋಗಿಯ ಒಂದು ಬೆನ್ನನ್ನು ಅಳೆಯುತ್ತವೆ. ಅರಕಲಗೂಡಿನ ಒಂದು ಹೊಲದಲ್ಲಿ ಒಂದು ಬೆನ್ನು ಬಿಟ್ಟ ಕೆಲಸವನ್ನು ಇನ್ನೊಂದು ಬೆನ್ನು ಎತ್ತಿಕೊಳ್ಳುತ್ತದೆ. ಜಗತ್ತಿನಲ್ಲಿ 2020ರ ಹೊತ್ತಿಗೆ ಸೊಂಟನೋವಿದ್ದವರು 61.9 ಕೋಟಿ ಎಂಬ ಅಂದಾಜಿದೆ. ಅವರಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು. ಸರ್ಕಾರದ ನೆರವೂ ಒಂದೇ ತಟ್ಟೆಗೆ ಬೀಳುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆಯ ಚಿಕಿತ್ಸೆ ಉಂಟು. ಕಾಯುವವನ ಬದಲು ಹೊಲಕ್ಕಿಳಿಯುವ ಆಳಿನ ಕೂಲಿಗೆ ಯಾವ ಕಾರ್ಡೂ ಇಲ್ಲ. ಹೀಗಿರುವಾಗ ಬಡ ರೈತನೊಬ್ಬ ಆಪರೇಷನ್ ಆರಿಸಿಕೊಂಡರೆ ಅದನ್ನು ಅವನ ಅಜ್ಞಾನ ಎನ್ನುವುದು ಅನ್ಯಾಯ.

ಮೇಷ್ಟ್ರು ಅಕ್ಕನ ಮುಖ ನೋಡಿದರು. “ಈ ಲೆಕ್ಕಕ್ಕೆ ನಿನ್ನನ್ನ ಸೇರಿಸಿರಲಿಲ್ಲ ಅಕ್ಕ.”

ಅಲ್ಲಿಂದಾಚೆ ಮಾತಿನ ದಿಕ್ಕು ಬದಲಾಯಿತು. ನೋವು ಹೋಗುವುದು ಯಾವಾಗ ಎಂಬುದನ್ನು ಬದಿಗಿಟ್ಟು, ಈ ಹಂಗಾಮಿನಲ್ಲಿ ಗೌಡರು ಏನು ಮಾಡಬಲ್ಲರು, ಏನು ಬಿಡಬೇಕು ಎಂದು ನಾಲ್ವರೂ ಕೂತು ಹೇಳತೊಡಗಿದರು. ಬುಡದ ಎಲೆಗೆ ಆಳು. ಅಟ್ಟಣೆ ಹತ್ತುವ ಕೆಲಸ ಗೌಡರಿಗೆ ಬೇಡ. ಕಡ್ಡಿ ಕಟ್ಟುವುದನ್ನು ನೆಲದಿಂದ ಎತ್ತಿ ಸೊಂಟದೆತ್ತರದ ಹಲಗೆಯ ಮೇಲೆ ಮಾಡಿದರೆ ಇಬ್ಬರಿಗೂ ಬಗ್ಗುವುದು ತಪ್ಪುತ್ತದೆ. ಇದನ್ನು ಹೇಳಿದವರು ಗೌಡರ ಹೆಂಡತಿ. ಹುಡುಗಿ ಬೆಳಿಗ್ಗೆ ಸಂಜೆಗೆ ವ್ಯಾಯಾಮ ಬರೆದುಕೊಟ್ಟಳು, ಜೊತೆಗೆ ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ನ ಮೂಳೆ ವಿಭಾಗದಲ್ಲಿ ಕೇಳಬೇಕಾದ ಪ್ರಶ್ನೆಗಳನ್ನೂ. ಆಪರೇಷನ್ ಕಾಲಿನ ನೋವಿಗೋ ಸೊಂಟದ ನೋವಿಗೋ? ಚೂರು ತೆಗೆದರೆ ಸಾಲದೆ ಸ್ಕ್ರೂ ಯಾಕೆ ಬೇಕು? ಆರು ವಾರ ತಡೆದರೆ ಕೆಡುವುದೇನು? ಆಪರೇಷನ್ ಆದ ಮೇಲೆ ಭಾರ ಎತ್ತುವುದು ಎಂದಿನಿಂದ?

“ಆರು ವಾರದಲ್ಲಿ ಕಾಲು ಇಳೀದಿದ್ರೆ ಕುಯ್ಸೇ ಬುಡ್ತೀನಿ” ಎಂದರು ಗೌಡರು.

“ಆಗ ನಾನೂ ಬೇಡ ಅನ್ನಲ್ಲ” ಎಂದಳು ಹುಡುಗಿ. ಮೇಷ್ಟ್ರು ಮಾತ್ರ ಇನ್ನೂ ಮೂರು ತಿಂಗಳು ನೋಡಬಹುದಿತ್ತು ಎನ್ನುತ್ತಲೇ ಇದ್ದರು.

ಗೌಡರ ಹೆಂಡತಿ ಮಗಳಂಥ ಆ ಹುಡುಗಿಯ ಪಕ್ಕ ಕೂತು, “ಬುಧವಾರ ಹಾಸನಕ್ಕೆ ನಾನೂ ಬತ್ತೀನಿ. ಓಪಿ ಚೀಟಿ ಎರಡು ಮಾಡ್ಸು” ಎಂದರು. ಹುಡುಗಿ ಹೊಸ ಹಾಳೆ ತೆಗೆದು, ನೋವು ಎಲ್ಲಿಂದ ಶುರುವಾಗುತ್ತದೆ ಎಂದು ದೊಡ್ಡಮ್ಮನನ್ನು ಕೇಳಿ ಬರೆದುಕೊಳ್ಳತೊಡಗಿದಳು.