ಕಡೇ ದಿನದ ತೂಕವೆಷ್ಟು?

ಒಬ್ಬನು ಬಹುಕಾಲ ಪ್ರಯಾಸಪಟ್ಟು ನಡಿಸಿದ ಕೆಲಸವು ಮುಗಿಯುವ ಹೊತ್ತಿನಲ್ಲಿ ಅವನ ಕೈತಪ್ಪಿ ಹೋದರೆ, ಆ ಕಡೇ ಗಳಿಗೆಯೇ ಅವನನ್ನು ಕೆಡಿಸಿತೆಂದು ಹೇಳುವದು ನಮ್ಮೆಲ್ಲರ ವಾಡಿಕೆ. ಈ ಮಾತು ನ್ಯಾಯವೋ? ಕಡೇ ದಿನಕ್ಕೆ ಮಿಕ್ಕ ದಿನಗಳಿಗಿಂತ ಹೆಚ್ಚಿನ ತೂಕವುಂಟೋ? ಇದನ್ನು ವಿಚಾರಿಸುವದಕ್ಕೆ ಫ್ರಾನ್ಸ್ ದೇಶದಲ್ಲಿ ನಡೆದ ಒಂದು ಸಂಗತಿಯನ್ನು ನೋಡೋಣ.

ಆ ದೇಶದಲ್ಲಿ ೧೯೦೩ನೇ ಇಸವಿಯಲ್ಲಿ ಟೂರ್ ದ ಫ್ರಾನ್ಸ್ ಎಂಬ ಸೈಕಲ್ ಪಂದ್ಯವು ಆರಂಭವಾಯಿತು. ಸೈಕಲ್ ತುಳಿಯುವದನ್ನೇ ಜೀವನೋಪಾಯವಾಗಿ ಹಿಡಿದವರು ಸುಮಾರು ಮೂರು ವಾರಗಳ ತನಕ ಬಯಲುಗಳನ್ನೂ ಎತ್ತರವಾದ ಬೆಟ್ಟಗಳನ್ನೂ ದಾಟುತ್ತಾ ಹೋಗುತ್ತಾರೆ. ಒಬ್ಬೊಬ್ಬನು ದಿನದಿನವೂ ತಕ್ಕೊಂಡ ವೇಳೆಯನ್ನು ಬರೆದಿಟ್ಟು ಕೂಡಿಸುತ್ತಾರೆ. ಯಾವನ ಮೊತ್ತವು ಎಲ್ಲರಿಗಿಂತ ಕಡಿಮೆಯೋ ಅವನೇ ಗೆದ್ದವನು. ಅಂದಂದಿಗೆ ಮುಂದಿರುವವನು ಹಳದಿ ಅಂಗಿಯನ್ನು ತೊಡುತ್ತಾನೆ. ಸಾಧಾರಣವಾಗಿ ಕಡೇ ದಿನದಲ್ಲಿ ಆ ಅಂಗಿಯನ್ನು ಕಿತ್ತುಕೊಳ್ಳುವದಕ್ಕೆ ಯಾರೂ ಯತ್ನಿಸುವದಿಲ್ಲ. ಆದರೆ ೧೯೮೯ರಲ್ಲಿ ಏರ್ಪಾಡು ಬೇರೆಯಾಗಿತ್ತು. ವರ್ಸಾಯ್ ಪಟ್ಟಣದಿಂದ ಪ್ಯಾರಿಸಿನ ವರೆಗಿನ ೨೪.೫ ಕಿಲೋಮೀಟರು ದಾರಿಯನ್ನು ಒಬ್ಬೊಬ್ಬನು ಒಂಟಿಯಾಗಿ ಹೊರಟು ತುಳಿಯಬೇಕಾಗಿತ್ತು.

ಜುಲಾಯಿ ೨೩ರ ಆ ದಿನ ಹಳದಿ ಅಂಗಿಯು ಫ್ರೆಂಚನಾದ ಲೋರಾಂ ಫಿನ್ಯೋನನ ಮೈಮೇಲಿತ್ತು. ಅಮೇರಿಕದವನಾದ ಗ್ರೆಗ್ ಲೆಮಾಂಡನು ಅವನಿಗಿಂತ ೫೦ ಸೆಕೆಂಡು ಹಿಂದಿದ್ದನು. ಇಷ್ಟು ಸ್ವಲ್ಪ ದಾರಿಯಲ್ಲಿ ಅಷ್ಟು ಕೊರತೆಯನ್ನು ತೀರಿಸುವದು ಆಗದೆಂದು ಅನೇಕರು ನೆನಸಿದರು. ಲೆಮಾಂಡನಾದರೋ ೨೬ ನಿಮಿಷ ೫೭ ಸೆಕೆಂಡಿನಲ್ಲಿ ಮುಟ್ಟಿದನು. ಫಿನ್ಯೋನನಿಗೆ ೨೭ ನಿಮಿಷ ೫೫ ಸೆಕೆಂಡು ಹಿಡಿಯಿತು. ಸುಮಾರು ೩,೨೮೫ ಕಿಲೋಮೀಟರು ತುಳಿದ ಮೇಲೆ ಇಬ್ಬರ ನಡುವೆ ಉಳಿದದ್ದು ೮ ಸೆಕೆಂಡು. ದಾರಿಯ ಅಳತೆಯಲ್ಲಿ ಹೇಳುವದಾದರೆ ಇದು ೫೦ ಮಾರು ಕೂಡ ಆಗದು.

ಕಡೇ ದಿನವೇ ಫಿನ್ಯೋನನನ್ನು ಸೋಲಿಸಿತೆಂದು ಲೋಕವು ಹೇಳಿತು. ಆದರೆ ಲೆಕ್ಕವನ್ನು ನೋಡಿರಿ. ಲೆಮಾಂಡನ ಒಟ್ಟು ವೇಳೆ ೮೭ ಗಂಟೆ ೩೮ ನಿಮಿಷ ೩೫ ಸೆಕೆಂಡು. ಆ ಎಂಟು ಸೆಕೆಂಡುಗಳು ಇಂಥಾ ದಿನದವೆಂದು ಯಾರು ಗುರುತು ಹಚ್ಚಿಯಾರು? ಬೆಟ್ಟದ ಒಂದು ತಿರುವಿನಲ್ಲಿ ಸಡಲಿದ ಸೆಕೆಂಡೂ ಪ್ಯಾರಿಸಿನ ಬೀದಿಯಲ್ಲಿ ಸಡಲಿದ ಸೆಕೆಂಡೂ ಮೊತ್ತದಲ್ಲಿ ಒಂದೇ. ಹಿಂದಿನ ವರುಷದಲ್ಲಿ ಗೆದ್ದಿದ್ದ ಪೇದ್ರೋ ದೆಲ್ಗಾದೋ ಎಂಬ ಸ್ಪೇನಿನವನು ಲಕ್ಸಂಬರ್ಗಿನಲ್ಲಿ ಮೊದಲನೇ ದಿನವೇ ಹೊರಡುವ ಸ್ಥಳಕ್ಕೆ ೨ ನಿಮಿಷ ೪೦ ಸೆಕೆಂಡು ತಡವಾಗಿ ಬಂದನು. ಕಡೆಗೆ ಅವನು ೩ ನಿಮಿಷ ೩೪ ಸೆಕೆಂಡಿನಿಂದ ಹಿಂದೆಬಿದ್ದು ಮೂರನೆಯವನಾದನು. ಅವನ ಕೊರತೆಯ ಬಹುಪಾಲು ಮೊದಲನೇ ದಿನದ್ದೇ. ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆಯುಂಟಲ್ಲವೇ? ಹಳ್ಳವು ತುಂಬಿ ಹರಿದಾಗ ಕಡೇ ಹನಿಯನ್ನು ಮಾತ್ರ ದೂರುವದು ವಿವೇಕವಲ್ಲ.

ಇನ್ನೊಂದು ಮಾತುಂಟು. ಸೋತವನ ವಿಷಯದಲ್ಲಿ ತೀರ್ಪು ಹೇಳುವವರು ಕಣ್ಣಿಗೆ ಕಂಡದ್ದನ್ನು ಮಾತ್ರ ತೂಗುತ್ತಾರೆ. ಫಿನ್ಯೋನನಿಗೆ ಸೈಕಲ್ಲಿನ ಸೀಟು ಒತ್ತುವ ಸ್ಥಳದಲ್ಲಿಯೇ ಹುಣ್ಣಾಗಿ, ಕೂತುಕೊಳ್ಳುವದೇ ಕಷ್ಟವಾಗಿತ್ತು. ಹೀಗಿದ್ದರೂ ಅವನು ಆ ದಿನದ ಓಟದಲ್ಲಿ ಮೂರನೆಯವನಾದನು. ಇದನ್ನು ಮೈಗಳ್ಳತನವೆನ್ನಬಹುದೋ? ಲೆಮಾಂಡನ ವಿಷಯದಲ್ಲಿಯೂ, ಅವನು ಕೈಗಳನ್ನು ಮುಂದಕ್ಕೆ ಚಾಚಿ ಗಾಳಿಯನ್ನು ಸೀಳುವ ಹೊಸ ತರದ ಹಿಡಿಯನ್ನು ಕಟ್ಟಿಕೊಂಡದ್ದರಿಂದಲೇ ಗೆದ್ದನೆಂದು ಕೆಲವರು ಹಗುರಾಗಿ ಮಾತಾಡುತ್ತಾರೆ. ಆ ಹಿಡಿಯು ಅವನಿಗೆ ಸಹಾಯವಾದದ್ದು ನಿಜವೇ. ಆದರೆ ಅವನು ಅದನ್ನು ಬಚ್ಚಿಟ್ಟವನಲ್ಲ. ಅದೇ ಪಂದ್ಯದ ಮುಂಚಿನ ಒಂದು ದಿನದಲ್ಲಿ ಎಲ್ಲರ ಕಣ್ಣೆದುರಿಗೇ ಉಪಯೋಗಿಸಿದ್ದನು. ಇದಲ್ಲದೆ ೧೯೮೭ರಲ್ಲಿ ಬೇಟೆಯ ಸಮಯದಲ್ಲಿ ಆಕಸ್ಮಿಕವಾಗಿ ಗುಂಡು ತಗಲಿ ಅವನು ಸಾಯುವ ಸ್ಥಿತಿಗೆ ಬಂದಿದ್ದನು. ತೆಗೆಯಲಾಗದ ಸೀಸದ ಚೂರುಗಳು ಅವನ ದೇಹದೊಳಗೆ ಇನ್ನೂ ಇರುವಾಗಲೇ ಅವನು ಪ್ಯಾರಿಸಿಗೆ ಓಡಿದನು.

ಹಾಗಾದರೆ ಕಡೇ ದಿನಕ್ಕೆ ವಿಶೇಷವೇನೂ ಇಲ್ಲವೋ ಎಂದು ಕೇಳುವಿರಿ. ಒಂದುಂಟು. ಎಲ್ಲಾ ದಿನಗಳು ತೂಕದಲ್ಲಿ ಸಮವೇ. ಆದರೆ ಕಳೆದುಹೋದವುಗಳನ್ನು ತಿದ್ದಲಾಗದು, ಉಳಿದಿರುವ ದಿನವು ಮಾತ್ರ ನಮ್ಮ ಕೈಯಲ್ಲಿರುತ್ತದೆ. ಆ ದಿನ ದಾರಿಯಲ್ಲಿ ತನ್ನ ವೇಳೆಯನ್ನು ತನಗೆ ತಿಳಿಸಬಾರದೆಂದು ಲೆಮಾಂಡನು ತನ್ನವರಿಗೆ ಹೇಳಿದ್ದನು. ಗೆಲ್ಲುವೆನೋ ಸೋಲುವೆನೋ ಎಂದು ಲೆಕ್ಕಿಸುತ್ತಾ ಹೋಗದೆ ಇದ್ದ ಶಕ್ತಿಯನ್ನೆಲ್ಲಾ ತುಳಿಯುವದಕ್ಕೇ ಕೊಟ್ಟನು. ಕಡೇ ದಿನವನ್ನು ಹೀಗೆ ಉಪಯೋಗಿಸುವದು ಲೇಸು.

ಫಿನ್ಯೋನನು ೧೯೮೩ರಲ್ಲಿಯೂ ೧೯೮೪ರಲ್ಲಿಯೂ ಇದೇ ಪಂದ್ಯವನ್ನು ಗೆದ್ದಿದ್ದನು. ಆದಾಗ್ಯೂ ಎಂಟು ಸೆಕೆಂಡಿನಿಂದ ಸೋತವನೆಂದೇ ಜನರು ಅವನನ್ನು ಗುರುತಿಸುತ್ತಿದ್ದರು. ೨೦೦೯ರಲ್ಲಿ ಪ್ರಕಟವಾದ ತನ್ನ ಜೀವನವೃತ್ತಾಂತದಲ್ಲಿ ಅವನು ಇದನ್ನು ಎತ್ತಿ, ತಾನು ಎರಡು ಸಾರಿ ಗೆದ್ದವನೆಂದು ಉತ್ತರ ಕೊಟ್ಟನು. ಮರುವರುಷ ಕ್ಯಾನ್ಸರಿನಿಂದ ತೀರಿಹೋದನು. ಅವನ ಉತ್ತರವು ಅಹಂಕಾರವೆಂದು ನಮಗೆ ತೋರುವದಿಲ್ಲ. ಅದು ಲೆಕ್ಕವನ್ನು ಸರಿಪಡಿಸಿದ ಮಾತು.

ಆದದರಿಂದ ಪ್ರಿಯರೇ, ನಮ್ಮ ನೆರೆಯವನೊಬ್ಬನು ಮುಗಿಯುವ ಹೊತ್ತಿನಲ್ಲಿ ಎಡವಿದರೆ, ಆ ಎಡವಿದ್ದನ್ನೇ ಅವನ ಹೆಸರಾಗಿ ಮಾಡದಿರೋಣ. ಅವನು ನಡೆದ ದಾರಿಯನ್ನೆಲ್ಲಾ ಎಣಿಸಿ ಮಾತಾಡೋಣ. ನಮ್ಮ ವಿಷಯದಲ್ಲಾದರೋ, ದಿನವು ಮೊದಲನೆಯದಾಗಲಿ ನಡುವಿನದಾಗಲಿ, ಅದನ್ನು ಅಲ್ಪವೆಂದು ಚೆಲ್ಲದಿರೋಣ. ಯಾಕಂದರೆ ಮೊತ್ತವನ್ನು ಕೂಡಿಸುವಾಗ ಅದೂ ಎಣಿಕೆಗೆ ಬರುವದು.