ಕೆಳಗಿಡಬಲ್ಲವನೇ ನಿಪುಣ



“ಫಾದರ್, ಒಮ್ಮೆ ಗೆದ್ದ ಆಟವನ್ನೇ ನನ್ನ ಮಗ ನೂರು ಸಲ ಆಡುತ್ತಾನೆ. ಇದೆಂಥ ಹುಚ್ಚು?” ಬೈಲಕುಪ್ಪೆಯ ಸಮೀಪದ ಮನೆಯೊಂದರಲ್ಲಿ ತಾಯಿಯೊಬ್ಬರು ನನ್ನನ್ನು ಕೇಳಿದರು. ಉಪದೇಶಕ್ಕೆ ಮೊದಲು ಹುಡುಗನ ಪಕ್ಕದಲ್ಲಿ ಕುಳಿತು ನೋಡಿದೆ.

ಅದು 1985ರಲ್ಲಿ ಜಪಾನಿನ ನಿಂಟೆಂಡೋ ಸಂಸ್ಥೆ ಹೊರತಂದ ‘ಸೂಪರ್ ಮಾರಿಯೋ ಬ್ರದರ್ಸ್’. ಬರಿಯ ಗೆಲುವಲ್ಲ, ಅತಿ ಕಡಿಮೆ ಸಮಯದಲ್ಲಿ ಮುಗಿಸುವುದೇ ಅವನ ಗುರಿ. ಇದಕ್ಕೆ ‘ಸ್ಪೀಡ್‌ರನ್’ ಎಂದು ಹೆಸರು. ಸೆಕೆಂಡಿಗೆ ಸುಮಾರು 60 ಚಿತ್ರಗಳು ಪರದೆಯ ಮೇಲೆ ಸರಿಯುತ್ತವೆ. ಅವುಗಳಲ್ಲಿ ಒಂದರಷ್ಟು ತಡವಾದರೂ ಕೆಲವೆಡೆ ಜಿಗಿತ ತಪ್ಪುತ್ತದೆ. 2021ರಲ್ಲಿ ನುರಿತ ಆಟಗಾರನೊಬ್ಬ ಇಡೀ ಆಟವನ್ನು 4 ನಿಮಿಷ 55 ಸೆಕೆಂಡಿನೊಳಗೆ ಮುಗಿಸಿದ. ಹಿಂದಿನ ದಾಖಲೆಗಿಂತ ಅರೆಸೆಕೆಂಡು ಉಳಿಸಲು ಇವರು ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತಾರೆ.

ಹುಡುಗ ಪದೇ ಪದೇ ಎಡವಿದ. ಗೊಣಗದೆ ಪ್ರತಿ ಸಲವೂ ಮೊದಲಿನಿಂದ ಆರಂಭಿಸಿದ. ನನಗೆ ನಾಚಿಕೆಯಾಯಿತು. ಅಷ್ಟು ಏಕಾಗ್ರತೆಯಿಂದ ನಾನು ಪ್ರಾರ್ಥಿಸಿ ಎಷ್ಟು ದಿನಗಳಾದವು? ಬಲಿಪೂಜೆಯನ್ನೇ ಎಷ್ಟು ಸಲ ಅವಸರದಲ್ಲಿ ಮುಗಿಸಿಲ್ಲ! ಅವನ ವೇಗದ ಹಿಂದೆ ತಾಳ್ಮೆಯಿತ್ತು. ನನ್ನ ವೇಗದ ಹಿಂದೆ ಬರಿಯ ಉದಾಸೀನವಿತ್ತು.

ಹಿಂದಿರುಗುವ ದಾರಿಯಲ್ಲಿ ಕಂಡ ಟಿಬೆಟನ್ ಭಿಕ್ಷುಗಳು ಮತ್ತೊಂದು ನೈಪುಣ್ಯವನ್ನು ನೆನಪಿಸಿದರು. 1960ರ ದಶಕದ ಆರಂಭದಲ್ಲಿ ಇಲ್ಲಿ ನೆಲೆ ಕಂಡ ಆ ಜನರ ಪರಂಪರೆಯಲ್ಲಿ ಬಣ್ಣದ ಮರಳಿನಿಂದ ಮಂಡಲ ರಚಿಸುವ ಪದ್ಧತಿಯಿದೆ. ದಿನಗಟ್ಟಲೆ ಬಾಗಿ ಕುಳಿತು, ಸಣ್ಣ ಕೊಳವೆಯಿಂದ ಮರಳು ಉದುರಿಸಿ ಚಿತ್ರ ಬಿಡಿಸುತ್ತಾರೆ. ವಿಧಿ ಮುಗಿದ ಮೇಲೆ ಅದನ್ನು ತಾವೇ ಅಳಿಸಿ, ಮರಳನ್ನು ನೀರಿಗೆ ಬಿಡುತ್ತಾರೆ. ಅವರ ವಿಶ್ವಾಸ ನಮ್ಮದಲ್ಲ. ಆದರೂ ಅನ್ಯಧರ್ಮಗಳಲ್ಲಿರುವ ಸತ್ಯವನ್ನು ಧರ್ಮಸಭೆ ತಳ್ಳಿಹಾಕದೆಂದು 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ನಮಗೆ ಕಲಿಸಿತು. ಅವರಿಂದ ನಾವು ಕಲಿಯಬೇಕಾದದ್ದು ಇಷ್ಟು: ಕೈಗೆ ಹತ್ತಿದ ವಿದ್ಯೆ ದೊಡ್ಡದು, ಅದರ ಫಲವನ್ನು ಕೈಬಿಡಬಲ್ಲ ಮನಸ್ಸು ಇನ್ನೂ ದೊಡ್ಡದು.

ಹಾಗಾದರೆ ಆಟದ ಅಪಾಯ ಎಲ್ಲಿದೆ? ನೈಪುಣ್ಯದಲ್ಲಿ ಅಲ್ಲ, ಅದನ್ನು ಕೆಳಗಿಡಲಾರದ ಬಂಧನದಲ್ಲಿ. ಓಟಗಾರರ ಶಿಸ್ತನ್ನು ಸಂತ ಪೌಲನು ಕೊರಿಂಥದವರಿಗೆ ಆದರ್ಶವಾಗಿ ತೋರಿಸಿದ. ಜೊತೆಗೆ ಅವರ ಕಿರೀಟ ಬಾಡುವಂಥದೆಂದೂ ಎಚ್ಚರಿಸಿದ. 2006ರಲ್ಲಿ, ಹದಿನೈದರ ಹರೆಯದಲ್ಲೇ ತೀರಿಕೊಂಡ ಕಾರ್ಲೋ ಅಕ್ಯುಟಿಸ್‌ನಿಗೂ ವಿಡಿಯೋ ಆಟ ಇಷ್ಟವಾಗಿತ್ತು. ಆದರೆ ವಾರಕ್ಕೆ ಒಂದೇ ಗಂಟೆ ಎಂದು ತನಗೆ ತಾನೇ ಮಿತಿ ಹಾಕಿಕೊಂಡಿದ್ದ. 2025ರ ಸೆಪ್ಟೆಂಬರ್ 7ರಂದು ಪೋಪ್ ಹದಿನಾಲ್ಕನೇ ಲಿಯೋ ಅವನನ್ನು ಸಂತನೆಂದು ಘೋಷಿಸಿದರು. ನೈಪುಣ್ಯವು ಪರರ ಸೇವೆಗೂ ಒದಗಬಲ್ಲದು: ಅಮೆರಿಕದಲ್ಲಿ 2010ರಲ್ಲಿ ಆರಂಭವಾದ ‘ಗೇಮ್ಸ್ ಡನ್ ಕ್ವಿಕ್’ ಕೂಟದಲ್ಲಿ ಇಂಥ ಆಟಗಾರರು ಆಡಿ ತೋರಿಸಿ, ರೋಗಿಗಳ ನೆರವಿಗಾಗಿ ಹಣ ಕೂಡಿಸುತ್ತಾರೆ.

ಆದ್ದರಿಂದ ತಂದೆತಾಯಿಯರೇ, ಬೈಯುವ ಮೊದಲು ಒಮ್ಮೆ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಿ. ಅದರ ಶ್ರದ್ಧೆಯನ್ನು ಮೆಚ್ಚಿಕೊಳ್ಳಿ. ಆಮೇಲೆ ಕೇಳಿ: “ಅಜ್ಜಿ ನೀರು ಕೇಳಿದರೆ, ದಾಖಲೆ ಕೈಗೆಟಕುವ ಗಳಿಗೆಯಲ್ಲೂ ನೀನು ಎದ್ದು ಬರುತ್ತೀಯಾ?” ಎದ್ದು ಬಂದರೆ ಆಟ ಅವನ ಕೈಯಲ್ಲಿದೆ, ಬಾರದಿದ್ದರೆ ಅವನು ಆಟದ ಕೈಯಲ್ಲಿದ್ದಾನೆ. ನಮ್ಮ ಮೊಬೈಲು, ವ್ಯಾಪಾರ, ಪ್ರತಿಷ್ಠೆಗಳ ವಿಷಯದಲ್ಲಿ ಇದೇ ಪ್ರಶ್ನೆಯನ್ನು ದೇವರು ನಮ್ಮನ್ನು ಕೇಳಿದರೆ, ನಾವು ಏನೆಂದು ಉತ್ತರಿಸೋಣ?